ಬಕಲ್ಲಿನ ಮೇಲಿನ ನಾಲ್ಕು ಬೆರಳು ಹೊಲಿಗೆ

ಮನುಷ್ಯಕುಲದ ಇತಿಹಾಸವೆಂದರೆ ಕೂಡುವ ಜಾಗಕ್ಕಾಗಿ ನಡೆದ ಹೋರಾಟದ ಇತಿಹಾಸ. ರಾಜರು ಸಿಂಹಾಸನಕ್ಕಾಗಿ ಕಾದಾಡಿದರು, ಋಷಿಗಳು ಹುಲಿಚರ್ಮದ ಮೇಲೆ ಕೂತು ಲೋಕವನ್ನು ಗೆದ್ದರು, ಪ್ರಜಾಪ್ರಭುತ್ವ ಬಂದ ಮೇಲೂ ಎಲ್ಲರ ಕಣ್ಣು ಕುರ್ಚಿಯ ಮೇಲೆಯೇ ಇದೆ. ಇಷ್ಟು ಗಂಭೀರವಾದ ಮಾತು ಹೇಳುವ ಅಧಿಕಾರ ನನಗೆ ಗ್ರಂಥ ಓದಿ ಬಂದದ್ದಲ್ಲ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತದಲ್ಲಿ ನಲವತ್ತು ವರ್ಷ ಲಾರಿಗಳ ಸೀಟಿಗೆ ರೆಕ್ಸಿನ್ ಹೊಲಿದು ಬಂದದ್ದು. ಜನರನ್ನು ನಾನು ಮುಖದಿಂದ ಗುರುತಿಸುವುದು ಕಡಿಮೆ. ಸೀಟು ಯಾವ ಮಗ್ಗುಲಿಗೆ ತಗ್ಗಿದೆ ಎಂದು ನೋಡಿದರೆ ಇದು ಇಂಥವನ ಗಾಡಿ ಎಂದು ಹೇಳಬಲ್ಲೆ.

ಹೋದ ವಾರ ಬಿಳೂರಿನಲ್ಲಿ ಒಬ್ಬರ ಮನೆಯ ಸೋಫಾದ ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಮನೆಯ ಹಿಂದೆಯೇ ಒಣದ್ರಾಕ್ಷಿಯ ಶೆಡ್ಡು. ಹಸಿ ದ್ರಾಕ್ಷಿಯನ್ನು ಬಲೆಗಳ ಮೇಲೆ ಹರವಿ, ಬಣ್ಣ ಬಂಗಾರದಂತೆ ಬರಲೆಂದು ಗಂಧಕದ ಹೊಗೆ ಕೊಡುವ ಕಾಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಸೋಫಾ ಬಿಟ್ಟು ಅಂಗಳದಲ್ಲಿ ನಿಂತಿದ್ದ ಲಾರಿಯ ಕಡೆ ಹೋಯಿತು. ಯಾರನ್ನೂ ಕೇಳದೆ ಪಾವಟಿಗೆ ಹತ್ತಿ, ಡ್ರೈವರ್ ಸೀಟಿನ ಎಡಮಗ್ಗುಲಲ್ಲಿ ಕೈಯಾಡಿಸತೊಡಗಿದೆ.

“ಏನ್ ಹುಡಕಾಕತ್ತೀರಿ ಅಜ್ಜಾರ?” ಎಂದ ಅದರ ಡ್ರೈವರ್, ಗಿಡದ ನೆರಳಿನಿಂದ ಎದ್ದು ಬಂದು.

“ಬೆಲ್ಟಿನ ಬಕಲ್ಲಪಾ.”

“ಒಳಗ ಐತ್ರಿ. ಟೊಂಕಕ್ಕ ಚುಚ್ಚತಿತ್ತು, ಮುಚ್ಚಿಸೀನಿ. ಭಾರಿ ಕೆಲಸಗಾರ ಮಾಡ್ಯಾನ ನೋಡ್ರಿ, ಎಲ್ಲೈತಿ ಅಂತ ಪತ್ತೇನ ಹತ್ತೂದಿಲ್ಲ.”

ಆ ಕೆಲಸಗಾರ ನಾನಲ್ಲ. ಆದರೆ ಈ ತಾಲೂಕಿನಲ್ಲಿ ಆ ವಿದ್ಯೆಯನ್ನು ಮೊದಲು ಕಂಡುಹಿಡಿದವನು ನಾನು. ಕಂಡುಹಿಡಿದದ್ದು ಸಿದರಾಯನ ಸೀಟಿನ ಮೇಲೆ. ಆ ಒಂದು ಬೇಸಿಗೆಯ ಸಂಗತಿಯನ್ನು ಬರೆದಿಡಬೇಕೆಂದು ಅವತ್ತಿನಿಂದ ಅನ್ನಿಸುತ್ತಿದೆ.

ಹೆದ್ದಾರಿ ಅಗಲವಾಗಿ ಅದು ಎರಡನೆಯ ಬೇಸಿಗೆ. ಹಳೆಯ ರಸ್ತೆಯಲ್ಲಿ ತೆಗ್ಗುಗಳೇ ನಮ್ಮನ್ನು ಕಾಪಾಡುತ್ತಿದ್ದವು. ಎಂಥ ಶೂರ ಡ್ರೈವರನೂ ಎಮ್ಮೆಯ ಹಿಂದೆ ಎಮ್ಮೆಯ ವೇಗದಲ್ಲೇ ಹೋಗಬೇಕಿತ್ತು. ಹೊಸ ರಸ್ತೆ ಬಂದ ಮೇಲೆ ಎಲ್ಲರಿಗೂ ಎಲ್ಲಿಗೋ ಲಗುಬಗೆಯಿಂದ ಹೋಗುವ ಕೆಲಸ ಹುಟ್ಟಿಕೊಂಡಿತು. ಊರೂರಿಗೆ ದಾರಿ ಒಡೆಯುವ ಫಾಟಾ, ಫಾಟಾಕ್ಕೊಂದು ಚಹಾದಂಗಡಿ, ರಸ್ತೆಯ ನಡುವಿನ ಕಟ್ಟೆಯಲ್ಲಿ ಜನ ತಮಗೆ ಬೇಕಾದಲ್ಲಿ ಒಡೆದು ಮಾಡಿಕೊಂಡ ಕಂಡಿ. ಸಂಕ್ರಮಣ ಮುಗಿಯುತ್ತಲೇ ಬಿಸಿಲು ಏರಿತು. ಆ ವರ್ಷ ದ್ರಾಕ್ಷಿ ಚಲೋ ಬಂದಿತ್ತು. ಬಿಳೂರು, ಬೆಳುಂಕಿ, ಯಳವಿ, ಎಲ್ಲಿ ನೋಡಿದರೂ ಶೆಡ್ಡುಗಳು ತುಂಬಿದ್ದವು.

ಬಿಳೂರಿನ ಸಾವಕಾರರೊಬ್ಬರು ಆ ವರ್ಷ ಹೊಸ ಲಾರಿ ತಂದರು. ಅದಕ್ಕೆ ಡ್ರೈವರ್ ಸಿದರಾಯ. ನಲವತ್ತೊಂದು ವಯಸ್ಸು, ಹದಿನೆಂಟು ವರ್ಷದ ಸ್ಟೇರಿಂಗು, ಸಣ್ಣ ಮೀಸೆ, ದೊಡ್ಡ ಹೊಟ್ಟೆ. ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡು, ಕ್ಲಚ್ ಬೇಕಾದಾಗ ಮಾತ್ರ ಅದನ್ನು ಕೆಳಗಿಳಿಸಿ ಉಪಕಾರ ಮಾಡುವ ಪದ್ಧತಿ. ಹಳೆಯ ಮೂರು ಗಾಡಿಗಳಿಗೂ ಅವನ ಸೀಟು ಹೊಲಿದವನು ನಾನೇ. ಆ ಗಾಡಿಗಳ ಮುಖಾಂತರ ನಮ್ಮಿಬ್ಬರ ನಡುವೆ ಗೆಳೆತನ ಬೆಳೆದಿತ್ತು. ನಾನು ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ್ದರಿಂದ ಅವನು ನನಗೆ ‘ರಿ’ ಹಚ್ಚಿ ಚೇಷ್ಟೆ ಮಾಡುತ್ತಿದ್ದ. ನಾನು ‘ರಿ’ ಇಲ್ಲದೆ ಮಾಡುತ್ತಿದ್ದೆ.

“ಮಾಸ್ತರ್ರ, ಈ ಗಾಡಿ ನಮ್ಮ ಅತ್ತಿ ಇದ್ದಂಗ ಐತಿ,” ಎಂದ ಮೊದಲ ದಿನವೇ. “ಕುಂತ ಕೂಡ್ಲೇ ಶುರು ಮಾಡತೈತಿ. ಬೆಲ್ಟ ಹಾಕೋ, ಬೆಲ್ಟ ಹಾಕೋ. ಟೀಂ ಟೀಂ ಟೀಂ. ಜತ್ತದಿಂದ ಸಾಂಗಲಿ ಮಟಾ ಒದರತೈತಿ.”

“ಹಾಕ್ಕೋ ಮತ್ತ.”

“ಹಾಕ್ಕೊಂಡ ಕಾಲ ಹ್ಯಾಂಗ ಮಡಚಲಿ? ಮ್ಯಾಲ ಬ್ಯಾಸಗಿ. ಎದಿಮ್ಯಾಲ ಪಟ್ಟಿ ಇದ್ದಲ್ಲಿ ಬೆವರ ನಿಂತ ಗುಳ್ಳಿ ಏಳತಾವು. ಬಕಲ್ ಬ್ಯಾರೆ ಟೊಂಕಕ್ಕ ಚುಚ್ಚತೈತಿ. ಅಲ್ಲದ ಡ್ರೈವರ್ ಅಂದರ ಜಿಗ್ಯಾಕ ತಯಾರಿರಬೇಕ್ರಿ. ಬೆಲ್ಟ ಹಾಕ್ಕೊಂಡಂವ ಗಾಡಿ ಜೋಡಿ ಹೋಗತಾನ. ಬಿಟ್ಟಂವ ಜಿಗದ ಉಳೀತಾನ.”

“ನೀ ಎಂದರ ಜಿಗದೀಯೇನೋ?”

“ಇಲ್ರಿ. ಪ್ರಸಂಗ ಬಂದಿಲ್ಲ.”

“ಜಿಗದ ಉಳದಾಂವ ಯಾರರ ಗೊತ್ತದಾನೇನು?”

ಅವನು ಗಲ್ಲ ಕೆರೆದುಕೊಂಡು ಬಹಳ ಹೊತ್ತು ವಿಚಾರ ಮಾಡಿದ. “ಜಿಗದ ಉಳೀತಾರ ಅಂತ ಹೇಳಿದಾಂವ ಗೊತ್ತದಾನ್ರಿ,” ಎಂದ.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ಆದರೆ ಕೈಯಲ್ಲಿ ವಿದ್ಯೆ ಇದ್ದವನಿಗೆ ತೊಂದರೆ ಎದುರಿಗೆ ಬಂದು ನಿಂತರೆ ತಡೆಯುವುದಿಲ್ಲ. ಮೂರು ದಿನ ಕೂತು ನಾನು ಆ ಸೀಟು ಮಾಡಿದೆ. ಎರಡು ಕಡೆಗೂ ಫೋಮು ಸೇರಿಸಿ ಅಗಲ ಮಾಡಿದೆ, ಸಿದರಾಯನ ಮಡಚಿದ ಕಾಲಿಗೆ ಬೇರೆಯೇ ಜಾಗ. ಕೆಂಪು ರೆಕ್ಸಿನ್, ಮೇಲೆ ಬಿಳಿ ದಾರದ ಚೌಕುಳಿ ಶಂಕರಪಾಳಿ ಹೊಲಿಗೆ, ಅಂಚಿಗೆ ಕರಿ ಗೋಟು. ಬೆಲ್ಟಿನ ನಾಲಿಗೆಯನ್ನು ಮೊದಲೇ ಬಕಲ್ಲಿಗೆ ಸಿಕ್ಕಿಸಿ, ಪಟ್ಟಿಯನ್ನು ಸೀಟಿನ ಬೆನ್ನ ಹಿಂದೆ ಹಾಯಿಸಿ, ಬಕಲ್ಲನ್ನು ಫೋಮಿನೊಳಗೆ ಮಲಗಿಸಿ, ಅದರ ಮೇಲೆ ನಾಲ್ಕು ಬೆರಳಷ್ಟು ಉದ್ದ ಹೊಲಿಗೆ ಹಾಕಿ ಮುಚ್ಚಿಬಿಟ್ಟೆ. ಗಾಡಿಯ ಟೀಂ ಟೀಂ ನಿಂತಿತು. ಅದರ ಲೆಕ್ಕದಲ್ಲಿ ಬೆಲ್ಟು ಸದಾ ಹಾಕಿಯೇ ಇರುತ್ತಿತ್ತು. ಬೆಲ್ಟಿನೊಳಗೆ ಮನುಷ್ಯನೊಬ್ಬ ಇರುತ್ತಿರಲಿಲ್ಲ, ಅಷ್ಟೇ.

ಶಿವರಾತ್ರಿಗೆ ಒಂದು ತಿಂಗಳು ಮೊದಲು ಬರುವ ಅವರಾತ್ರಿ ಅಮಾವಾಸ್ಯೆಯ ದಿನ ಆ ಸೀಟಿನ ದರ್ಶನಕ್ಕೆ ಜನ ಬಂದರು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿಗಳು ಓಡುವುದಿಲ್ಲ. ತೊಳೆದು, ಕಾಯಿ ಒಡೆದು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ದಿನವಿಡೀ ನಿಲ್ಲಿಸುತ್ತಾರೆ. ತಿಂಗಳಲ್ಲಿ ಡ್ರೈವರನಿಗೆ ಇರುವ ಬಿಡುವು ಅದೊಂದೇ. ಹದಿನೈದು ಗಾಡಿಗಳ ಡ್ರೈವರರು ಸರದಿಯಲ್ಲಿ ಸಿದರಾಯನ ಸೀಟಿನ ಮೇಲೆ ಕೂತು ನೋಡಿದರು. ಒಬ್ಬ ಕಣ್ಣು ಮುಚ್ಚಿ ಕೂತವನು ಏಳಲೇ ಇಲ್ಲ, ಎಳೆದು ಇಳಿಸಬೇಕಾಯಿತು. ಶಿವರಾತ್ರಿ ಬರುವಷ್ಟರಲ್ಲಿ ಹನ್ನೊಂದು ಮಂದಿ ಅಂಥದ್ದೇ ಸೀಟು ಮಾಡಿಸಿಕೊಂಡರು, ಬಕಲ್ ಸಮಾಧಿಯ ಸಮೇತ. ಹೆದ್ದಾರಿಯಲ್ಲಿ ಪೊಲೀಸರ ಕಣ್ಣಿಗೆ ಬೆಲ್ಟು ಕಾಣಬೇಕಲ್ಲ, ಅದಕ್ಕೂ ನನ್ನಲ್ಲಿ ಉಪಾಯವಿತ್ತು. ಕರಿ ನವಾರದ ಒಂದು ಪಟ್ಟಿ. ಮೇಲಿನ ತುದಿಗೆ ಕೊಕ್ಕೆ, ಕೆಳಗಿನ ತುದಿಗೆ ಅಂಟುಪಟ್ಟಿ. ಕಿಡಕಿಯ ಪಕ್ಕದ ಮೊಳೆಗೆ ಸಿಗಿಸಿ ತೊಡೆಯ ಮಗ್ಗುಲಿಗೆ ಅಂಟಿಸಿದರೆ ಮುಗಿಯಿತು. ಅಂಗಡಿಯ ಬಾಗಿಲಲ್ಲಿ ಅಂಥ ಪಟ್ಟಿಗಳನ್ನು ಗೊಂಚಲು ಕಟ್ಟಿ ತೂಗಹಾಕಿದ್ದೆ. ಹೀಗೆ ಗಾಡಿಗೂ ಪೊಲೀಸರಿಗೂ ನಾನು ಬೇರೆ ಬೇರೆಯಾಗಿ ಸಮಾಧಾನ ಹೇಳಿದ್ದೆ.

ಅದೇ ದಿನಗಳಲ್ಲಿ ನಮ್ಮಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮವೊಂದಾಯಿತು. ಮಂಟಪ, ಮೈಕು, ಗುಲಾಬಿ ಹೂವು. ಮರಾಠಿಯಲ್ಲಿ ಚಲೋ ಭಾಷಣ. ‘ಬೆಲ್ಟು ಹಾಕಿಕೊಳ್ಳುವವರು ಕೈ ಎತ್ತಿ’ ಎಂದರು. ಸಿದರಾಯನಿಂದ ಹಿಡಿದು ನನ್ನ ಹನ್ನೆರಡೂ ಗಿರಾಕಿಗಳು ಕೈ ಎತ್ತಿದರು. ಆಮೇಲೆ ವಾಹನಗಳ ಸೇವೆಯಲ್ಲಿ ತಲೆ ಹಣ್ಣಾದ ಕುಶಲಕರ್ಮಿ ಎಂದು ನನಗೂ ಒಂದು ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ. ಸೆಖೆ ಬಹಳವಿತ್ತು, ಆದರೂ ಮನೆಯವರೆಗೆ ತೆಗೆಯಲಿಲ್ಲ.

ಶಿವರಾತ್ರಿಯ ಅಮಾವಾಸ್ಯೆಯ ದಿನ ಸಿದರಾಯ ಅಂಗಡಿಗೆ ಬಂದಾಗ ಮುಖದ ಮೇಲೆ ಚೇಷ್ಟೆ ಇರಲಿಲ್ಲ. ಹಣೆಗೆ ಪೂಜೆಯ ಕುಂಕುಮ ಹಚ್ಚಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಹಿಂದಿನ ವಾರ ಕೊಂಕಣದ ಕಡೆ ಮಾಲು ಹಾಕಿ ಬರುವಾಗ ಘಾಟಿನಲ್ಲಿ ಅವನ ಎದುರಿಗೇ ಒಂದು ಉಳ್ಳಾಗಡ್ಡಿಯ ಲಾರಿ ಬಿದ್ದಿತ್ತು.

“ಎರಡ ಸಲ ಉಳ್ಳೀತ್ರಿ ಮಾಸ್ತರ. ನಾವ ನಾಕ ಮಂದಿ ಇಳದ ಹೋದಿವಿ, ಹೆಣಾ ತಗ್ಯೂನು ಅಂತನ. ಕ್ಯಾಬಿನ್ ತಲಿಕೆಳಗ. ಒಳಗ ನೋಡಿದರ ಆ ಡ್ರೈವರ್ ಬಾವಲಿ ಹಂಗ ಬೆಲ್ಟಿಗೆ ಜೋತಾಡಾಕತ್ತಿದ್ದ. ತಮಿಳನಾಡಾಂವ. ಏನೇನೋ ಒದರಾಕತ್ತಿದ್ದ. ಭಾಷಾ ತಿಳೀಲಿಲ್ಲ, ಬೈಗಳಾ ಅನ್ನೂದ ತಿಳೀತು.”

“ಯಾರನ್ನ ಬೈಯಾಕತ್ತಿದ್ದ?”

“ರೋಡಿಗಿ, ಗಾಡಿಗಿ, ನಮಗ, ಎಲ್ಲಾರಿಗೂ. ಬೆಲ್ಟ ಕೊಯ್ದು ಇಳಿಸಿದಿವಿ. ಕೈ ಮುರದಿತ್ತು, ಮತ್ತೇನೂ ಇಲ್ಲ. ಚಹಾ ಕುಡದ. ಅಲ್ರೀ, ಆ ಕ್ಯಾಬಿನ್ ನೀವ ನೋಡಬೇಕಿತ್ತು. ಅದರಾಗ ಜಿಗ್ಯಾಕ ಬಾಗಿಲಾನ ಇರಲಿಲ್ಲ.” ಸ್ಟೂಲನ್ನು ನನ್ನ ಕಡೆ ಎಳೆದುಕೊಂಡು, “ನನ್ನ ಬಕಲ್ ಹೊರಗ ತಗದಕೊಡ್ರಿ,” ಎಂದ.

“ಇವತ್ತೇನೋ?”

“ಇವತ್ತ ಬಿಟ್ಟರ ಗಾಡಿ ನಿಂದರೂದು ಮುಂದಿನ ಅಮಾಸಿಗೆ.”

ಇಲ್ಲಿ ನಮ್ಮ ಮನೆತನದ ಸಂಗತಿಯೊಂದನ್ನು ಹೇಳಬೇಕು. ನಮ್ಮಪ್ಪನೂ ಹೊಲಿಯುವ ಕೆಲಸದವನೇ. ಅಮಾವಾಸ್ಯೆಯ ದಿನ ನಮ್ಮ ಅಂಗಡಿಯಲ್ಲಿ ಕತ್ತರಿಗೆ ಹಸಿ ದಾರ ಸುತ್ತಿ, ಅರಿಸಿನ ಹಚ್ಚಿ, ಮಶಿನ್ನಿನ ಮುಂದೆ ಇಟ್ಟು ಪೂಜೆ ಮಾಡುತ್ತೇವೆ. ಅವತ್ತು ಏನನ್ನೂ ಕತ್ತರಿಸುವಂತಿಲ್ಲ, ಬಿಚ್ಚುವಂತಿಲ್ಲ. ಅಪ್ಪ ತನ್ನ ಉಗುರನ್ನೂ ಕತ್ತರಿಸುತ್ತಿರಲಿಲ್ಲ. ಸಿದರಾಯನ ಗಾಡಿ ನಿಲ್ಲುವ ದಿನವೇ ನನ್ನ ಕತ್ತರಿಯೂ ನಿಲ್ಲುತ್ತಿತ್ತು. ಈ ಎರಡು ವ್ರತಗಳು ಹೀಗೆ ಎದುರುಬದುರು ನಿಲ್ಲಬಹುದೆಂದು ಎರಡೂ ಕಡೆಯ ಹಿರಿಯರಿಗೆ ಹೊಳೆದಿರಲಿಲ್ಲ. ಉಳಿದ ದಿನಗಳಲ್ಲಿ ಅವನು ನನ್ನ ಅಂಗಡಿ ತೆರೆಯುವ ಮೊದಲೇ ಮಾಲು ಹೇರಿಕೊಂಡು ಜತ್ತ ದಾಟಿರುತ್ತಿದ್ದ, ಮರಳುವಾಗ ನಾನು ಬಾಗಿಲು ಹಾಕಿರುತ್ತಿದ್ದೆ.

“ನಾಕ ಬೆರಳ ಹೊಲಿಗಿ,” ಎಂದ ಸಿದರಾಯ. “ಬ್ಲೇಡ ಕೊಡ್ರಿ, ನಾನ ಬಿಚ್ಚಕೋತೀನಿ. ಪಾಪ ನನಗ ಬರಲಿ.”

“ನನ್ನ ಸೀಟಿಗೆ ಬ್ಲೇಡ ಹಚ್ಚಿದರ ನೋಡ ಮತ್ತ. ಅಲ್ಲಿ ಬಿಚ್ಚಿದರ ಇಡೀ ಮಗ್ಗಲಾ ಬಾಯಿ ತಕ್ಕೊಂಡ ಕುಂತಂಗ ಕಾಣಸತೈತಿ.”

“ಕಾಣಲಿ ಬಿಡ್ರಿ. ಅದರ ಮ್ಯಾಲ ನಾ ಕುಂತಿರತೀನಿ, ಯಾರ ನೋಡತಾರ?”

“ಗಾಡಿ ಬಾಗಲಾ ತಗದ ಕೂಡ್ಲೇ ಕಾಣತೈತಿ. ಯಾರ ಹೊಲದಾರ ಅಂತ ಕೇಳತಾರ. ನನ್ನ ಹೆಸರ ಹೇಳ್ತಿ.”

ನಾನು ಒಪ್ಪದಿದ್ದುದಕ್ಕೆ ವ್ರತ ಅರ್ಧ ಕಾರಣ, ಉಳಿದರ್ಧ ಇದು. ಅಪ್ಪನ ಹೆಸರಿನ ಹಿಂದೆ ನನ್ನ ಶಂಕರಪಾಳಿ ಹೊಲಿಗೆಯ ಹೆಮ್ಮೆ ಅಡಗಿ ಕೂತಿತ್ತು. ನಲವತ್ತು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಸೀಟು ಅದು. ಅದರಲ್ಲಿ ತೂತು ಕೆಡವುವ ಮಾತು ಕೇಳಿದಾಗ ನನಗೆ ಘಾಟಿನ ಲಾರಿ ಕಾಣಲಿಲ್ಲ, ತೂತು ಮಾತ್ರ ಕಂಡಿತು. ನಡುವೆ ಒಂದು ದಿನ ನಾನೇ ಬಿಳೂರಿಗೆ ಬಂದು ಮಾಡಿಕೊಡುತ್ತೇನೆ ಎಂದೆ. ಹೋಗುವಾಗ ಬಾಗಿಲಲ್ಲಿ ತೂಗುತ್ತಿದ್ದ ಗೊಂಚಲಿನಿಂದ ಒಂದು ಕರಿ ಪಟ್ಟಿ ಕಿತ್ತು ಅವನ ಕೈಗಿಟ್ಟೆ. ಅವನು ಅದನ್ನು ಹೆಗಲ ಮೇಲೆ ಹಾಕಿಕೊಂಡು, ಕನ್ನಡಿ ನೋಡಿ, “ಪೊಲೀಸ ಫೌಜದಾರ ಇದ್ದಂಗ ಕಾಣತೀನಿ,” ಎಂದು ನಕ್ಕು ಹೋದ.

ಬಿಳೂರಿಗೆ ನಾನು ಹೋಗಲಿಲ್ಲ. ಜತ್ತದಿಂದ ಎಷ್ಟು ದೂರ ಎಂದು ಕೇಳಬೇಡಿ, ಹೋದ ವಾರ ಸೋಫಾದ ಅಳತೆಗೆ ಬಸ್ಸು ಹತ್ತಿ ಹೋಗಿ ಚಹಾದ ಹೊತ್ತಿಗೆ ಮರಳಿದ್ದೇನೆ. ಆ ತಿಂಗಳು ಮದುವೆಯ ಸೀಜನ್ ಶುರುವಾಗಿತ್ತು. ವರದಕ್ಷಿಣೆ ನಿಷೇಧವಾದ ನಾಡಿನಲ್ಲಿ ಎಲ್ಲ ಬೀಗರೂ ಸೋಫಾವನ್ನು ಉಡುಗೊರೆ ಎಂದು ಕರೆಯುತ್ತಿದ್ದರು. ನಾನು ಹಗಲೆಲ್ಲ ಆ ಉಡುಗೊರೆಗಳಿಗೆ ಮಖಮಲ್ಲು ಹೊದಿಸುತ್ತಿದ್ದೆ.

ಯುಗಾದಿಯ ಅಮಾವಾಸ್ಯೆಗೆ ಸಿದರಾಯ ಹೆಂಡತಿಯನ್ನು ಕರೆದುಕೊಂಡೇ ಬಂದ. ಮಹಾದೇವಿ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುವವಳು. ಅಂಗಡಿಯೊಳಗೆ ಬಂದರೆ ಅವಳ ಸೀರೆಯಿಂದ ಗಂಧಕದ ವಾಸನೆ ಹೊಮ್ಮಿ ನನ್ನ ಊದುಬತ್ತಿಯ ವಾಸನೆಯನ್ನು ಮುಚ್ಚಿಹಾಕಿತು. ಅವಳು ಪೂಜೆಗೆ ಇಟ್ಟಿದ್ದ ಕತ್ತರಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಕಾಕಾರ, ಬಾವಲಿ ಕತಿ ಮನ್ಯಾಗ ದಿನಾ ಹೇಳತಾರ. ಉಣ್ಣಾಕ ಕುಂತರ ಬಾವಲಿ, ಮಕ್ಕೊಂಡರ ಬಾವಲಿ. ಒಮ್ಮೆ ಆ ಬೆಲ್ಟ ತಗದ ಕೊಟ್ಟಬಿಡ್ರಿ, ನನಗ ಬಾವಲಿ ಕಾಟ ತಪ್ಪಲಿ.”

“ಇವತ್ತ ಕತ್ತರಿ ಹಿಡ್ಯಾಂಗಿಲ್ಲ ಯವ್ವಾ.”

“ಹಲ್ಲೀಲೆ ಕಚ್ಚಿ ಹರದರ?”

“ಅದೂ ಬಿಚ್ಚಿದಂಗನ.”

“ಕತ್ತರಿಗಿ ಅಮಾಸಿ ಹಿಡಿಸೀರಿ, ಹಲ್ಲಿಗೂ ಹಿಡಿಸೀರಿ,” ಎಂದಳು ಮಹಾದೇವಿ. “ನಮ್ಮ ಮನಿಯವರಿಗೆ ಮಾತ್ರ ಸಾವಕಾರ್ರು ಪಾಡ್ಯ ಮುಗದ ಕೂಡ್ಲೇ ಮಾಲ ಹೇರಾಕ ಹೇಳ್ಯಾರ.”

ಅವಳ ಮಾತು ನಾಟಿತು. ಆದರೆ ನಾಟಿದ ಮೇಲೂ ನಾನು ಹೇಳಿದ್ದು ಇದು: “ನಾಳೆ ಯುಗಾದಿ, ಅಂಗಡಿ ಬಂದ್. ನಾಡದ ಬಿದಗಿ ದಿನ ಗಾಡಿ ಇಲ್ಲೇ ತಂದ ನಿಂದರಸು. ಬರೇ ತೂತ ಮಾಡಿ ಕೊಡೂದಿಲ್ಲ. ಹೊಸಾ ಮಗ್ಗಲಾ ಕೊಯ್ದು, ಬಕಲ್ಲಿಗೆ ಕರಿ ಗೋಟ ಹಚ್ಚಿ, ಯಾರೂ ಮಾಡಿರಬಾರದು ಹಂಗ ಚಂದ ಮಾಡಿ ಕೊಡತೀನಿ.”

“ಚಂದ ಯಾರ ಕೇಳ್ಯಾರ್ರಿ ಕಾಕಾ,” ಎಂದಳು ಅವಳು.

ಸಿದರಾಯನೇ ನನ್ನ ಪರವಾಗಿ ಎದ್ದ. “ಮಾಸ್ತರ ಕೆಲಸದ ಮನಷ್ಯಾರು. ಹಂಗೆಲ್ಲ ಹರ್ಯಾಕ ಬರೂದಿಲ್ಲ, ನಡಿ,” ಎಂದು ಹೆಂಡತಿಯನ್ನು ಕರೆದುಕೊಂಡು ಹೋದ. ಹೋಗುವಾಗ ಹಬ್ಬಕ್ಕೆಂದು ಒಂದು ಚೀಲ ಒಣದ್ರಾಕ್ಷಿ ಕೊಟ್ಟ. ಯುಗಾದಿಯ ಶಾವಿಗೆ ಪಾಯಸಕ್ಕೆ ಅದನ್ನೇ ಹಾಕಿ ಉಂಡೆವು. ರುಚಿಯಾಗಿತ್ತು.

ಬಿದಿಗೆಯ ದಿನ ಅವನು ಬರಲಿಲ್ಲ. ಸಾವಕಾರರು ಬೆಳಿಗ್ಗೆಯೇ ಮಾಲು ಕಳಿಸಿದ್ದರು. ತದಿಗೆಯ ದಿನ ಕೆಂಪು ರೆಕ್ಸಿನ್ನಿನ ಮಗ್ಗುಲು ಕತ್ತರಿಸಿ, ಬಕಲ್ಲಿನ ಅಳತೆಗೆ ಸರಿಯಾಗಿ ಕಿಂಡಿ ಬಿಟ್ಟು, ಅದರ ಸುತ್ತ ಕರಿ ಗೋಟು ಹಚ್ಚಿ ತಯಾರು ಮಾಡಿಟ್ಟೆ. ಅಪ್ಪಟ ಕೆಲಸ. ಗಾಡಿ ಬಂದರೆ ಅರ್ಧ ತಾಸಿನ ಮಾತು.

ಚೌತಿಯ ದಿನ, ಬೆಳಗಿನ ಹತ್ತರ ಹೊತ್ತು. ಯಳವಿಯಿಂದ ಒಣದ್ರಾಕ್ಷಿಯ ಪೆಟ್ಟಿಗೆ ತುಂಬಿಕೊಂಡು ಸಿದರಾಯ ಹೆದ್ದಾರಿ ಹಿಡಿದಿದ್ದ. ನೀರಿನ ಟ್ಯಾಂಕರೊಂದು ನಡುಗಟ್ಟೆಯ ಕಂಡಿಯಿಂದ ಅಡ್ಡ ತಿರುಗಿತು. ಟ್ಯಾಂಕರಿನವನಿಗೆ ಒಂದು ಮೈಲಿ ಸುತ್ತುವುದು ತಪ್ಪುತ್ತಿತ್ತು. ಸಿದರಾಯ ಬ್ರೇಕು ಒತ್ತಿದ. ಹದಿನೆಂಟು ವರ್ಷದ ಕಾಲು, ಬ್ರೇಕು ಸರಿಯಾಗಿಯೇ ಬಿತ್ತು. ಟ್ಯಾಂಕರಿನ ಹಿಂಬದಿಗೆ ತಾಗಿ ಲಾರಿ ನಿಂತಿತು. ಲಾರಿಯ ಬಂಪರ್ ಬಗ್ಗಿತು, ಒಂದು ದೀಪ ಒಡೆಯಿತು, ಪೆಟ್ಟಿಗೆಗಳು ಹಗ್ಗ ಹರಿಯದೆ ಇದ್ದಲ್ಲೇ ಇದ್ದವು. ಕಟ್ಟಿದ್ದು ಎಲ್ಲವೂ ನಿಂತಿತು. ಸಿದರಾಯ ನಿಲ್ಲಲಿಲ್ಲ. ಸ್ಟೇರಿಂಗಿಗೆ ಎದೆ ಬಡಿದು, ಮುಂದಿನ ಗಾಜಿಗೆ ತಲೆ ಹೊಕ್ಕು, ಅರ್ಧ ಹೊರಗೆ ಬಿದ್ದಿದ್ದನಂತೆ. ಚಹಾದಂಗಡಿಯವರು ಓಡಿ ಹೋದಾಗ ರಸ್ತೆಯ ಮೇಲೆಲ್ಲ ಟ್ಯಾಂಕರಿನ ನೀರು ಹರಿಯುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನ ನೀರು ಅದು.

ಪಂಚನಾಮೆ ಬರೆಯಲು ಬಂದವರಿಗೆ ಬಾಗಿಲ ಪಕ್ಕ ಮೊಳೆಗೆ ತೂಗುತ್ತಿದ್ದ ಕರಿ ಪಟ್ಟಿ ಕಂಡಿತು. ಚಾಲಕನು ಬೆಲ್ಟು ಹಾಕಿಕೊಂಡಿದ್ದನು, ಅಪಘಾತದ ಹೊಡೆತಕ್ಕೆ ಅದು ಕಿತ್ತುಹೋಗಿದೆ ಎಂದು ಮರಾಠಿಯಲ್ಲಿ ಬರೆದುಕೊಂಡರು. ಅದು ಕಿತ್ತಿರಲಿಲ್ಲ, ಅಂಟುಪಟ್ಟಿ ಬಿಟ್ಟಿತ್ತು, ಅಷ್ಟೇ. ಬೆರಳಿನಿಂದ ಎಳೆದರೆ ಬಿಡಲೆಂದೇ ನಾನು ಅದನ್ನು ಹಚ್ಚಿದ್ದು. ಪಂಚರಲ್ಲಿ ಒಬ್ಬ ನನ್ನ ಗುರುತಿನವನು, ಅವನು ಬಂದು ಇದನ್ನು ಹೇಳುವಾಗ ನಾನು ತಿದ್ದುಪಡಿ ಸೂಚಿಸಲಿಲ್ಲ. ನನ್ನ ಮೌನ ಆ ಕಾಗದದಲ್ಲಿ ಇಂದಿಗೂ ಹಾಗೆಯೇ ಇದೆ.

ಸಿದರಾಯನನ್ನು ಮಿರಜದ ಆಸ್ಪತ್ರೆಗೆ ಒಯ್ದಿದ್ದರು. ನಾನು ಎರಡನೆಯ ದಿನ ಹೋದೆ. ಹೊರಗಿನ ಬಾಕಿನ ಮೇಲೆ ಮಹಾದೇವಿ ಒಬ್ಬಳೇ ಕೂತಿದ್ದಳು, ಉಟ್ಟ ಸೀರೆಯಲ್ಲೇ ಬಂದವಳು. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಗಂಡನ ಅಂಗಿ, ಚಪ್ಪಲಿ, ಕಿಸೆಯ ಸಾಮಾನು. ನನ್ನನ್ನು ನೋಡಿ ಚೀಲದಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದಳು. ಬಿಚ್ಚಿದರೆ ಒಂದು ಹೊಸ ಬ್ಲೇಡು.

“ಶಿವರಾತ್ರಿ ಅಮಾಸಿ ಮರದಿನಾನ ತಂದಿದ್ರು,” ಎಂದಳು. “ದಿನಾ ನಾ ಬೈತಿದ್ದೆ, ಬಿಚ್ಚಕೋರಿ, ಬಿಚ್ಚಕೋರಿ ಅಂತ. ಮಾಸ್ತರ ಮನಸ ಮುರೀತೈತಿ, ಅವರ ಕೈಲೇನ ಬಿಚ್ಚಸ್ತೀನಿ ಅಂತಿದ್ರು.”

ಆಮೇಲೆ, ಬ್ಲೇಡನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿಟ್ಟು, “ಕುಂದರ್ರಿ ಕಾಕಾರ. ಭಾಳ ಹೊತ್ತ ನಿಂತೀರಿ,” ಎಂದಳು.

ಬೈದಿದ್ದರೆ ಬಸ್ಸಿನಲ್ಲಿ ಬರುವಾಗ ನನಗೂ ಒಂದಿಷ್ಟು ಸಿಟ್ಟು ಮಾಡಿಕೊಳ್ಳಲು ಆಸ್ಪದವಿರುತ್ತಿತ್ತು. ಅದನ್ನೂ ಅವಳು ಕೊಡಲಿಲ್ಲ.

ಐದನೆಯ ದಿನ ಸಾವಕಾರರು ಲಾರಿಯನ್ನು ಜತ್ತಕ್ಕೆ ತಂದರು. ಸೀಜನ್ ನಿಲ್ಲುವುದಿಲ್ಲವಲ್ಲ. ಹೊಸ ಗಾಜು, ಹೊಸ ದೀಪ ಹಾಕಿಸಿ ನನ್ನ ಅಂಗಡಿಯ ಮುಂದೆ ನಿಲ್ಲಿಸಿ, “ಮಾಸ್ತರ, ಸೀಟ ಒರಸಿ ಕೊಡ್ರಿ. ಸೀಟಿಗೇನೂ ಆಗಿಲ್ಲ, ಭಾರಿ ಗಟ್ಟಿ ಹೊಲದೀರಿ,” ಎಂದರು. ಹೌದು, ಸೀಟಿಗೆ ಏನೂ ಆಗಿರಲಿಲ್ಲ. ಒಂದು ಎಳೆ ದಾರ ಸಡಿಲಾಗಿರಲಿಲ್ಲ. ಸಿದರಾಯನ ಕಾಲಿಟ್ಟ ತಗ್ಗು ಎಡಕ್ಕೆ ಹಾಗೆಯೇ ಇತ್ತು. ನಾನು ಪಾವಟಿಗೆಯ ಮೇಲೆ ಮೊಣಕಾಲೂರಿ, ಕತ್ತರಿಯ ತುದಿಯಿಂದ ಆ ನಾಲ್ಕು ಬೆರಳು ಹೊಲಿಗೆಯನ್ನು ಬಿಚ್ಚಿದೆ. ಸಿಗರೇಟು ಹಚ್ಚಿ ಮುಗಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಒಳಗೆ ಬಕಲ್ಲು ಕಂಪನಿಯಿಂದ ಬಂದ ದಿನದ ಹಾಗೆ ಹೊಳೆಯುತ್ತಿತ್ತು, ನಾಲಿಗೆ ಸಿಕ್ಕಿಸಿದ್ದು ಸಿಕ್ಕಿಸಿದಂತೆ. ಕೆಂಪು ಗುಂಡಿ ಒತ್ತಿದೆ. ಬಿಟ್ಟುಕೊಂಡಿತು. ಗಾಡಿ ಟೀಂ ಟೀಂ ಎಂದು ಕೂಗತೊಡಗಿತು. ಚಾವಿ ತಿರುವಿ ಮಗ್ಗುಲ ಸೀಟಿನಲ್ಲಿ ಕೂತಿದ್ದ ಹೊಸ ಡ್ರೈವರ್, “ಏನ್ ಮಾಡಿದ್ರಿ ಅಜ್ಜಾ, ಸುಮ್ಮ ಇತ್ತಲ್ಲ,” ಎಂದ. ತಯಾರಿಟ್ಟಿದ್ದ ಹೊಸ ಮಗ್ಗುಲನ್ನು ಹೊಲಿದು ಬಕಲ್ಲನ್ನು ಕಿಂಡಿಯಿಂದ ಹೊರಗೆ ತೆಗೆದೆ. ಕರಿ ಗೋಟಿನ ನಡುವೆ ಚಂದವೇ ಕಂಡಿತು.

ಬಾಗಿಲಲ್ಲಿ ತೂಗುತ್ತಿದ್ದ ಪಟ್ಟಿಗಳ ಗೊಂಚಲನ್ನು ಅವತ್ತೇ ಇಳಿಸಿ ಒಲೆಗೆ ಹಾಕಿದೆ. ನವಾರ ಸುಡುವ ವಾಸನೆಗೆ ಮಗ್ಗುಲ ಅಂಗಡಿಯವರು ಬಂದು ಕೇಳಿದರು. ಉಳಿದ ಹನ್ನೊಂದು ಸೀಟುಗಳ ಡ್ರೈವರರಿಗೆ ಹೇಳಿ ಕಳಿಸಿದೆ, ಬರ್ರಿ, ಬಿಚ್ಚಿ ಕೊಡುತ್ತೇನೆ, ಅಮಾವಾಸ್ಯೆ ಇದ್ದರೂ ಬರ್ರಿ ಎಂದು. ಆರು ಮಂದಿ ಬಂದರು. ಮೂವರು ಮುಂದಿನ ತಿಂಗಳು ಎಂದರು. ಇಬ್ಬರು, ‘ಮಾಸ್ತರಿಗೆ ವಯಸ್ಸಾತು’ ಎಂದರಂತೆ.

ಏಳನೆಯ ದಿನ ಮತ್ತೆ ಮಿರಜಕ್ಕೆ ಹೋದೆ. ಅವತ್ತು ಒಳಗೆ ಬಿಟ್ಟರು. ಹಾಸಿಗೆಯ ಮೇಲಿದ್ದವನನ್ನು ಮುಖದಿಂದ ಗುರುತಿಸುವುದು ಶಕ್ಯವಿರಲಿಲ್ಲ, ಮುಖವೆಲ್ಲ ಪಟ್ಟಿ ಸುತ್ತಿತ್ತು. ಚಾದರದ ಕೆಳಗೆ ಎಡಗಾಲು ನೀಟಾಗಿ ಚಾಚಿಕೊಂಡಿತ್ತು. ಅವನು ಕಾಲು ಚಾಚಿ ಮಲಗಿದ್ದನ್ನಾಗಲಿ ಕೂತಿದ್ದನ್ನಾಗಲಿ ನಾನು ಆ ಮೊದಲು ನೋಡಿರಲಿಲ್ಲ. ನಾನು ಬಗ್ಗಿ, “ಸಿದರಾಯಾ, ಬಕಲ್ ಹೊರಗ ತಗದೀನೋ. ಲಗೂನ ಎದ್ದ ಬಾ, ಕುಂತ ನೋಡವಂತಿ,” ಎಂದೆ. ಅವನ ಬಾಯಲ್ಲಿ ನಳಿಕೆ ಇತ್ತು. ನರ್ಸು ಬಂದು, ಪೇಶಂಟಿಗೆ ಕೇಳಿಸುವುದಿಲ್ಲ ಕಾಕಾ, ಹೊರಗೆ ನಿಲ್ಲಿರಿ ಎಂದು ಮರಾಠಿಯಲ್ಲಿ ಹೇಳಿದಳು. ನಾನು ಹೊರಗೆ ಬಂದು ಮಹಾದೇವಿಯ ಬಾಕಿನ ಮೇಲೆ ಕೂತೆ. ಅವಳು ಏನು ಹೇಳಿದಿರಿ ಎಂದು ಕೇಳಿದಳು. ಆರಾಮಾಗು ಅಂದೆ ಎಂದು ಹೇಳಿದೆ.

ಹನ್ನೊಂದನೆಯ ದಿನ, ಸೋಮವಾರ ಮುಂಜಾನೆ ಎಂಟು ಗಂಟೆಗೆ, 
ಸಿದರಾಯ ಆ ಆಸ್ಪತ್ರೆಯಲ್ಲೇ ತೀರಿಕೊಂಡ.